ಚಳಿ ಇಳಿದ ಓಣಿಯಲ್ಲಿ ಕೌದಿ ಹೊರೆ

ನಮ್ಮೂರಿಗೆ ಇರುವುದು ಒಂದೇ ಚಳಿ, ಓಣಿಗಳು ಮಾತ್ರ ಹತ್ತಾರು. ಹೀಗಾಗಿ ಅದು ಪಾಳಿಯ ಪ್ರಕಾರ ಬರುತ್ತದೆ. ಅಮಾವಾಸ್ಯೆಯ ದಿನ ಒಂದು ಓಣಿಗೆ ಇಳಿದರೆ ಮುಂದಿನ ಅಮಾವಾಸ್ಯೆಯ ತನಕ ಅಲ್ಲೇ ಠಿಕಾಣಿ. ಉಳಿದ ಊರೆಲ್ಲ ಬಿಸಿಲಿಗೆ ಬೇಯುತ್ತಿರುವಾಗ ಆ ಒಂದು ಓಣಿಯಲ್ಲಿ ಜನರ ಹಲ್ಲು ಕಟಕಟ ಅನ್ನುತ್ತಿರುತ್ತವೆ. ಓಣಿಯ ಬಾಯಲ್ಲಿ ನಿಂತರೆ ಹೊರಗಿರುವ ಕಾಲು ಸುಡುತ್ತದೆ, ಒಳಗಿಟ್ಟ ಕಾಲು ಮರಗಟ್ಟುತ್ತದೆ. ಪರವೂರಿನವರು ಇದನ್ನು ನೋಡಿ ಬಾಯಿ ತೆರೆದು ನಿಲ್ಲುತ್ತಾರೆ. ನಾವು ಹಾಗೆ ನಿಲ್ಲುವುದಿಲ್ಲ, ನಮಗೆ ಬೇರೆ ಕೆಲಸವಿದೆ.

ಚಳಿ ಇದ್ದ ಓಣಿಯಲ್ಲಿ ಹಾಲು ಹೆಪ್ಪಾಗುವುದಿಲ್ಲ, ಹಾಗಾಗಿ ಮೊಸರಿನ ಗಡಿಗೆಗಳು ಪಕ್ಕದ ಓಣಿಯ ಬೀಗರ ಮನೆಗೆ ಹೋಗಿ ಬರುತ್ತವೆ. ಹೂವು ಮಾರುವವರು ಬುಟ್ಟಿಗಳನ್ನು ತಂದು ಅಲ್ಲಿನ ಕಟ್ಟೆಗಳ ಮೇಲೆ ಸಾಲಾಗಿ ಇಡುತ್ತಾರೆ. ಐಸ್‌ಕ್ಯಾಂಡಿಯವನು ಅಡ್ಡಹಾದಿ ಹಿಡಿಯುತ್ತಾನೆ. ಹೆಣ್ಣು ನೋಡಲು ಬರುವವರು ಮೊದಲು ಕೇಳುವುದು, “ಈಗ ಚಳಿ ನಿಮ್ಮ ಓಣ್ಯಾಗ ಐತೇನ್ರಿ?” ಎಂದು. ಹೌದು ಅಂದರೆ ಒಂದು ತಿಂಗಳು ಮುಂದಕ್ಕೆ ಹಾಕುತ್ತಾರೆ. ಹುಡುಗಿ ನಡುಗುತ್ತಿರುವುದು ಚಳಿಗೋ, ಗಂಡನ್ನು ಕಂಡ ಹೆದರಿಕೆಗೋ ಎಂದು ತಿಳಿಯಬೇಡವೇ? ಅತ್ತೆಯೊಂದಿಗೆ ಜಗಳವಾಡಿದ ಸೊಸೆಯಂದಿರಿಗೆ ತವರಿಗೆ ಹೋಗಲು ಚಳಿಯ ನೆಪ ಬಹಳ ಅನುಕೂಲ. ಒಟ್ಟಿನಲ್ಲಿ ಎಲ್ಲರೂ ಹೇಗೋ ಹೊಂದಿಸಿಕೊಂಡಿದ್ದಾರೆ.

ಇದರಲ್ಲಿ ಒಂದು ಪದ್ಧತಿ ಮಾತ್ರ ಬಲು ಬಿಗಿ. ಚಳಿ ಇಳಿದ ಓಣಿಗೆ ಹೊರಗಿನವರು ಯಾರೇ ಬರಲಿ, ಉಣ್ಣಿಸದೆ ಕಳಿಸುವಂತಿಲ್ಲ. ಚಳಿಗೆ ಬಂದವರು ಬರೀ ಹೊಟ್ಟೆಯಲ್ಲಿ ಹೋದರೆ ಚಳಿ ಆ ಮನೆಯ ಹೊಸ್ತಿಲು ಬಿಟ್ಟು ಏಳುವುದಿಲ್ಲ ಎಂದು ಎಲ್ಲರ ನಂಬಿಕೆ. ಉಣ್ಣಿಸುವುದೆಂದರೆ ಒಂದು ತುತ್ತು ಉಪ್ಪಿಟ್ಟಲ್ಲ. ಅಂಟಿನುಂಡಿ, ತುಪ್ಪ ಸುರಿದ ಮಾದಲಿ, ಶೇಂಗಾ ಹೋಳಿಗೆ, ಮೇಲೊಂದು ಲೋಟ ಬಿಸಿ ಹಾಲು. ಇದಕ್ಕೆ ‘ಚಳಿಯೂಟ’ ಎನ್ನುತ್ತಾರೆ. ಚಳಿಯೂಟದಲ್ಲಿ ಕೈ ಬಿಗಿ ಹಿಡಿದ ಮನೆಯ ಹೆಸರು ವರ್ಷಗಟ್ಟಲೆ ಊರಿನ ಬಾಯಲ್ಲಿ ಓಡಾಡುತ್ತದೆ.

ನನ್ನ ಹೆಸರು ನಿಂಬೆವ್ವ. ಹುಟ್ಟಿದಾಗ ನಿಂಬೆಹಣ್ಣಿನಷ್ಟೇ ಇದ್ದೆನಂತೆ. ಆಮೇಲೆ ಯಾರೂ ಹಾಗೆ ಹೇಳಿಲ್ಲ. ನಾನು ಹತ್ತಿದರೆ ರಿಕ್ಷಾದವನು ಇನ್ನೊಂದು ಸವಾರಿ ಕರೆಯುವುದಿಲ್ಲ. ಬಳೆಗಾರ ನನಗೆಂದೇ ದೊಡ್ಡ ಅಳತೆಯ ಬಳೆಗಳನ್ನು ಬೇರೆ ಕಟ್ಟಿ ತರುತ್ತಾನೆ. ಜನ ನಕ್ಕರೆ ನಾನೂ ನಗುತ್ತಿದ್ದೆ. ಮೈ ನನ್ನದು, ಹೊರುವವಳೂ ನಾನೇ, ನಡುವೆ ನಿಮ್ಮದೇನು ಎಂದು ಕೇಳುತ್ತಿದ್ದೆ. ಕೆಲಸ ಕೌದಿ ಹೊಲಿಯುವುದು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ಒಳಕ್ಕೆ ಸಾಲುಸಾಲಾಗಿ ದಾರ ಎಳೆಯುತ್ತ ಹೋಗಬೇಕು. ಚಳಿ ಓಣಿ ಓಣಿ ಸುತ್ತುವ ಊರಿನಲ್ಲಿ ಕೌದಿ ಕೇಳುವವರಿಗೆ ಬರವಿಲ್ಲ, ಕೌದಿಯವಳಿಗೆ ಬಿಡುವೂ ಇಲ್ಲ. ಕೂತಲ್ಲೇ ಕೂತು, ಕೌದಿಯನ್ನು ನನ್ನತ್ತ ಎಳೆದುಕೊಳ್ಳುತ್ತ, ಪಕ್ಕದ ಡಬ್ಬಿಯಿಂದ ಚೂಡಾ ಬಾಯಿಗೆ ಹಾಕಿಕೊಳ್ಳುತ್ತ ನನ್ನ ದಿನ ಸುಖವಾಗಿ ಹೋಗುತ್ತಿತ್ತು.

ನನ್ನ ತಂಗಿ ಶಾವಂತ್ರಿ ನನಗೆ ಪೂರಾ ತಿರುವುಮುರುವು. ಸಣಕಲಿ, ಮಾತು ಮಾತ್ರ ಖಾರ. ಅವಳನ್ನು ಇದೇ ಊರಿನ ಗಾಣಿಗರ ಓಣಿಗೆ, ಮಲ್ಲೇಶಪ್ಪ ಎನ್ನುವ ಬಸ್ ಕಂಡಕ್ಟರನಿಗೆ ಕೊಟ್ಟಿದೆ. ಹೋದ ವರ್ಷ ಅವಳ ಕಣ್ಣು ಹಳದಿಯಾದವು. ಕಾಮಾಲೆ ಎಂದು ನಾಟಿ ಔಷಧ ಕುಡಿದಳು, ಇಳಿಯಲಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿತು, ಕಾಲು ಬಾತವು. ಮಲ್ಲೇಶಪ್ಪ ಶಹರದ ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಲಿವರ್ ಗಟ್ಟಿಯಾಗಿ ಕೆಲಸ ನಿಲ್ಲಿಸುತ್ತಿದೆ, ಮನೆಯವರು ಯಾರಾದರೂ ತಮ್ಮ ಲಿವರಿನ ಒಂದು ಭಾಗ ಕೊಟ್ಟರೆ ಬದುಕುತ್ತಾಳೆ, ಇಲ್ಲದಿದ್ದರೆ ಇಲ್ಲ ಎಂದರು. ಮಲ್ಲೇಶಪ್ಪನ ರಕ್ತ ಹೊಂದಲಿಲ್ಲ. ನನ್ನದು ಹೊಂದಿತು. ಅಷ್ಟು ಕೇಳಿ ನಾನು ಅಲ್ಲೇ ಟೇಬಲ್ಲಿನ ಮೇಲೆ ಮಲಗಲು ತಯಾರಾಗಿದ್ದೆ. ಆದರೆ ಸ್ಕ್ಯಾನ್ ಮಾಡಿದವರು ತಲೆ ಅಲ್ಲಾಡಿಸಿದರು. ನನ್ನ ಲಿವರಿನ ತುಂಬ ಕೊಬ್ಬು, ರಕ್ತದಲ್ಲಿ ಸಕ್ಕರೆ ಅಂಚಿಗೆ ಬಂದು ನಿಂತಿದೆ. ಇಂಥ ಲಿವರ್ ಕೊಯ್ದರೆ ಕೊಟ್ಟವಳಿಗೂ ಅಪಾಯ, ಪಡೆದವಳಿಗೂ ಉಪಯೋಗವಿಲ್ಲ, ಕರಗಿಸಿಕೊಂಡು ಬೇಗ ಬನ್ನಿ ಎಂದು ಕಳಿಸಿಬಿಟ್ಟರು.

ನನ್ನ ಮೈಗೆ ನಾನು ಮೊದಲ ಸಲ ನಾಚಿದ್ದು ಅಂದು. ಜನ ನಕ್ಕಾಗ ನಾಚಿಕೆಯಾಗಿರಲಿಲ್ಲ. ತಂಗಿಗೆ ಕೊಡಲು ನನ್ನ ಹತ್ತಿರ ಇದೆ, ಆದರೆ ಕೊಡುವ ಹಾಗಿಲ್ಲ ಅಂದಾಗ ಸೆರಗೆಳೆದು ಹೊಟ್ಟೆ ಮುಚ್ಚಿಕೊಂಡೆ.

ಬಸ್ಸಿನಲ್ಲಿ ವಾಪಸ್ ಬರುವಾಗ ಶಾವಂತ್ರಿಗೆ ಕೇಳಿದೆ, “ನಾ ಕರಗಿಸಿಕೊಂಡು ಬಂದ್ರ ನೀ ತಗೋತೀ ಇಲ್ಲೋ? ಆಮ್ಯಾಲೆ ಬ್ಯಾಡ ಅನ್ನಬಾರದು ನೋಡು.” ಅವಳು ಜಗಳ ತೆಗೆಯುತ್ತಾಳೆ ಎಂದು ಸೊಂಟ ಕಟ್ಟಿಕೊಂಡೇ ಕೂತಿದ್ದೆ. ಆದರೆ ಅವಳು ತಡ ಮಾಡದೆ, “ಹೂಂ, ತಗೋತೀನಿ. ನೀ ಮೊದಲ ಸಣ್ಣಾಗು” ಎಂದಳು. ಮತ್ತೆ, “ಆದ್ರ ಇದನ್ನ ಊರಾಗ ಯಾರಿಗೂ ಹೇಳಬ್ಯಾಡ. ಎಲ್ಲಾರೂ ಬಂದು ನನ್ನ ಮುಂದ ಮುಖ ಸಣ್ಣ ಮಾಡೋದು ನಂಗ ಬ್ಯಾಡ” ಎಂದು ನನ್ನಿಂದ ಆಣೆ ತೆಗೆದುಕೊಂಡಳು. ಅಷ್ಟು ಸಲೀಸಾಗಿ ಒಪ್ಪಿದಳಲ್ಲ ಎಂದು ನನಗೆ ಆಗಲೇ ಅನುಮಾನ ಬರಬೇಕಿತ್ತು. ಖುಷಿಯಲ್ಲಿ ಬರಲಿಲ್ಲ.

ನಮ್ಮೂರಿನ ಆಸ್ಪತ್ರೆಗೆ ಹೊಸದಾಗಿ ಬಂದಿದ್ದವರು ಡಾಕ್ಟರ್ ವಸುಂಧರಾ. ಮೈಸೂರು ಕಡೆಯವರು, ಇಲ್ಲಿನ ಚಳಿಯನ್ನು ಕಂಡು ಮೊದಲ ವಾರ ಬೆರಗಾಗಿ, ಎರಡನೆಯ ವಾರದಿಂದ ಅದನ್ನು ಕೆಲಸಕ್ಕೆ ಹಚ್ಚಿದವರು. ಹೃದಯ ಪರೀಕ್ಷೆ ಮಾಡಿ, ಗಟ್ಟಿಯಾಗಿದೆ ಎಂದ ಮೇಲೆ ನನ್ನನ್ನು ಕೂರಿಸಿಕೊಂಡು ಹೇಳಿದರು. “ನೋಡಿ ನಿಂಬೆವ್ವ, ತಣ್ಣಗಿರೋ ಕಡೆ ಮೈ ತನ್ನನ್ನು ತಾನು ಬೆಚ್ಚಗಿಟ್ಟುಕೊಳ್ಳೋಕೆ ಒಳಗಿನ ಕೊಬ್ಬನ್ನ ಸ್ವಲ್ಪ ಉರಿಸುತ್ತೆ. ಆದ್ರೆ ಅದೊಂದನ್ನೇ ನಂಬಿಕೊಂಡ್ರೆ ಏನೂ ಆಗಲ್ಲ. ನಡೀಬೇಕು, ಉಸಿರು ಏರೋ ಹಾಗೆ ನಡೀಬೇಕು. ಊಟ ಹಿಡಿತದಲ್ಲಿರಬೇಕು. ಮೂರೂ ಸೇರಿದ್ರೆ ಲಿವರಿನ ಕೊಬ್ಬು ಇಳಿಯುತ್ತೆ, ಸಕ್ಕರೆನೂ ಇಳಿಯುತ್ತೆ. ಮೈ ತಡೀಲಾರದಷ್ಟು ನಡುಗಿದ್ರೆ ತಕ್ಷಣ ಬಿಸಿಲಿಗೆ ಬಂದುಬಿಡಿ.” ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಡಾಕ್ಟರಿಗೆ ಚಳಿಯೂಟದ ವಿಚಾರ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ.

ಆಗ ಚಳಿ ಕುಂಬಾರ ಓಣಿಯಲ್ಲಿತ್ತು. ನಮ್ಮೂರಿನವರಿಗೆ ‘ಚಳಿಗೆ ಹೋಗುವುದು’ ಎಂದರೆ ಕಟ್ಟೆಯ ಮೇಲೆ ಕಾಲು ಚಾಚಿ ಕೂಡುವುದು. ಯಾರಿಗೋ ಮೈಯೆಲ್ಲ ಉರಿ ಎಂದರೆ, ಯಾರಿಗೋ ಬೆವರುಸಾಲೆ ಎಂದರೆ, ಚಳಿಗೆ ಹೋಗಿ ಕೂತು ಬರುತ್ತಾರೆ. ನಾನೂ ಹೋಗಿ ಕೂತೆ. ತೆಳ್ಳನೆ ನೂಲಿನ ಸೀರೆ ಉಟ್ಟು, ತೋಳು ಬಿಟ್ಟುಕೊಂಡು, ಭಲೇ ಧೈರ್ಯದಿಂದ ಕೂತೆ. ನಡೆಯುವ ಮಾತನ್ನು ನಾಳೆಗೆ ಇಟ್ಟುಕೊಂಡೆ. ಕೂತ ಸ್ವಲ್ಪ ಹೊತ್ತಿಗೇ ಒಬ್ಬಳು ತಟ್ಟೆ ತಂದಿಟ್ಟಳು. ಬೇಡ ಎಂದರೆ ಅವರ ಮನೆಯಲ್ಲಿ ಚಳಿ ಕೂರುತ್ತದೆ. ತಿಂದೆ. ಚಳಿಗೆ ಹಸಿವೂ ಹಾಗೇ ಕೆರಳುತ್ತದೆ, ಎರಡನೆಯ ಉಂಡಿಗೆ ಒತ್ತಾಯ ಬೇಕಾಗಲಿಲ್ಲ. ಮರುದಿನ ಇನ್ನೊಂದು ಮನೆಯ ಕಟ್ಟೆ, ಇನ್ನೊಂದು ತಟ್ಟೆ. ನನ್ನ ಲೆಕ್ಕಾಚಾರ ಸರಳವಾಗಿತ್ತು, ತಿಂದದ್ದನ್ನು ಚಳಿ ಅಲ್ಲಿಂದಲ್ಲಿಗೇ ಸುಟ್ಟುಹಾಕುತ್ತದೆ. ತಿಂಗಳಿಡೀ ಈ ವ್ರತವನ್ನು ಒಂದು ದಿನವೂ ತಪ್ಪದೆ ಮಾಡಿದೆ.

ಸ್ಕ್ಯಾನಿಗೆ ಹೋದಾಗ ಡಾಕ್ಟರ್ ಪರದೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. “ಏನ್ ಮಾಡ್ತಿದೀರಿ ನೀವು? ಇಳಿಯೋದಿರಲಿ, ಇನ್ನೂ ಏರಿದೆ.” ನಾನು ಕಟ್ಟೆ, ತಟ್ಟೆ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. “ಚಳಿ ಸುಡೋದಕ್ಕಿಂತ ಹತ್ತುಪಟ್ಟು ನೀವು ಒಳಗೆ ಹಾಕ್ಕೊಂಡಿದೀರಿ. ನಿಮ್ಮ ತಂಗಿ ಹತ್ರ ಬಹಳ ದಿನ ಇಲ್ಲ ನಿಂಬೆವ್ವ. ಇನ್ನು ಎರಡು ತಿಂಗಳಲ್ಲಿ ಆಗ್ಲಿಲ್ಲ ಅಂದ್ರೆ ಆಮೇಲೆ ನೀವು ಸಣ್ಣ ಆದ್ರೂ ಪ್ರಯೋಜನ ಇಲ್ಲ.” ಅಷ್ಟು ಮೆಲ್ಲಗೆ ಹೇಳಿದರು, ಬೈದಿದ್ದರೆ ಚೆನ್ನಾಗಿತ್ತು.

ಅಲ್ಲಿಂದ ನೆಟ್ಟಗೆ ಗಾಣಿಗರ ಓಣಿಗೆ ಹೋದೆ. ಶಾವಂತ್ರಿ ಗೋಡೆಗೆ ಒರಗಿ ಕೂತಿದ್ದಳು, ಹೊಟ್ಟೆ ಮುಂದೆ ಬಂದು ಕೈಕಾಲು ಕಡ್ಡಿಯಾಗಿದ್ದವು. “ಇಳಿದಿಲ್ಲೇನು?” ಎಂದು ಅವಳೇ ಕೇಳಿದಳು. ಇಲ್ಲ ಎಂದೆ. “ಹೋಗ್ಲಿ ಬಿಡಕ್ಕಾ, ಅದಕ್ಯಾಕ ಕೊರಗತೀ. ನಿನ್ನ ಹಣೇಬರಾ ಅಲ್ಲ, ನಂದು” ಎಂದು ಮಲ್ಲೇಶಪ್ಪನನ್ನು ಕೂಗಿ ನನ್ನ ಮುಂದೆ ಕರದಂಟಿನ ತಟ್ಟೆ ಇರಿಸಿದಳು. ಸಾಯುವ ಸ್ಥಿತಿಯಲ್ಲೂ ನನ್ನ ಬಾಯಿಯ ಕಾಳಜಿ ಮಾಡುತ್ತಾಳಲ್ಲ ಎಂದು ನನಗೆ ಅಳು ಒತ್ತರಿಸಿ ಬಂತು. ತಟ್ಟೆಯನ್ನು ಮುಟ್ಟದೆ ಎದ್ದೆ. ಹೊರಗೆ ಬಂದು ಕಣ್ಣೊರೆಸಿಕೊಂಡು, ಇನ್ನು ನೋಡೇಬಿಡೋಣ ಎಂದುಕೊಂಡೆ. ನಾನು ಹಟಕ್ಕೆ ಬಿದ್ದರೆ ನಮ್ಮ ಮನೆಯವರು ತಮ್ಮ ಹಿಟ್ಟಿನ ಗಿರಣಿ ಬಿಟ್ಟು ಮನೆ ಕಡೆ ಬರುವುದಿಲ್ಲ, ಅಂಥವಳು ನಾನು.

ಅಮಾವಾಸ್ಯೆ ಕಳೆದು ಚಳಿ ಹೂಗಾರ ಓಣಿಗೆ ಇಳಿದಿತ್ತು. ಅದು ಉದ್ದನೆಯ ಓಣಿ, ಕೆಳಗಿನ ಬಾವಿಯಿಂದ ಮೇಲಿನ ಬೇವಿನಮರದ ತನಕ ಏರು. ಬೆಳಿಗ್ಗೆ ಹೋಗಿ ನಡೆಯಲು ಶುರು ಮಾಡಿದೆ. ಮೂರು ಮನೆ ದಾಟುವಷ್ಟರಲ್ಲಿ ಒಬ್ಬಳು ಸೆರಗು ಹಿಡಿದು ಜಗ್ಗಿದಳು. “ಯಾಕ ನಿಂಬೆಕ್ಕಾ, ನಮ್ಮನಿ ಬಾಗಿಲ ಮುಂದ ಹಾದು ಹೊಂಟೀಯಲ್ಲ? ಒಳಗ ಬಾ.” ಬೇಡ ತಂಗಿ, ಡಾಕ್ಟರ್ ಬೇಡ ಅಂದಾರ ಎಂದೆ. ಆ ಹುಡುಗಿಯ ಕಣ್ಣು ತುಂಬಿ ಬಂದವು. “ಮನ್ಯಾಗ ಬಾಣಂತಿ ಮಲಗ್ಯಾಳ. ನೀ ಉಣದ ಹೋದ್ರ ಚಳಿ ನಮ್ಮ ಹೊಸ್ತಲಾ ಹಿಡಿದು ಕುಂದರತೈತಿ.” ಏನು ಮಾಡಲಿ? ಒಳಗೆ ಹೋದೆ, ತಿಂದೆ. ಹೊರಗೆ ಬಂದರೆ ಮುಂದಿನ ಮನೆಯವಳು ತಟ್ಟೆ ಹಿಡಿದು ನಿಂತಿದ್ದಳು. ಬಾವಿಯಿಂದ ಹೊರಟವಳು ಬೇವಿನಮರ ಮುಟ್ಟುವಷ್ಟರಲ್ಲಿ ಒಂದು ಮದುವೆಯೂಟ ಮುಗಿಸಿದ್ದೆ. ಮರಕ್ಕೆ ಒರಗಿ ನಿಂತು ನನ್ನ ಊರನ್ನು ಮನಸಾರೆ ಬೈದೆ.

ಆಗಲೇ ಕೌದಿಗಳನ್ನು ಮನೆಮನೆಗೆ ಮುಟ್ಟಿಸುವ ಒಬ್ಬ ಹೆಂಗಸು ತಲೆಯ ಮೇಲೆ ಹೊರೆ ಇಟ್ಟುಕೊಂಡು ಬಿರಬಿರನೆ ಹೋದಳು. ಅಷ್ಟೂ ಮನೆಗಳ ಮುಂದೆ ಹಾದು ಹೋದಳು, ಒಬ್ಬರೂ ಮಾತಾಡಿಸಲಿಲ್ಲ. ಮಾತಾಡಿಸುವ ಹಾಗೂ ಇಲ್ಲ. ತಲೆಯ ಮೇಲೆ ಹೊರೆ ಇದ್ದವರನ್ನು ಚಳಿಯ ಓಣಿಯಲ್ಲಿ ತಡೆಯಬಾರದು, ಅವರಿಗಾಗಿ ಯಾವುದೋ ಮನೆಯಲ್ಲಿ ಮಕ್ಕಳು ನಡುಗುತ್ತ ಕಾದಿರುತ್ತಾರೆ. ಅವರನ್ನು ಬಂದವರು ಎಂದು ಎಣಿಸುವುದೇ ಇಲ್ಲ. ಇಷ್ಟು ವರ್ಷ ಆ ಹೊರೆಗಳನ್ನು ಹೊಲಿದುಕೊಟ್ಟವಳು ನಾನು. ಒಮ್ಮೆಯೂ ಹೊತ್ತವಳಲ್ಲ, ಹಾಗಾಗಿ ಇಷ್ಟು ಸುಲಭದ ಉಪಾಯ ಹೊಳೆಯಲು ಹೊಟ್ಟೆ ಬಿರಿಯುವಷ್ಟು ತಿನ್ನಬೇಕಾಯಿತು.

ಮರುದಿನ ಎರಡು ಕೌದಿ ಮಡಚಿ, ಸಿಂಬಿ ಇಟ್ಟು, ತಲೆಯ ಮೇಲೇರಿಸಿಕೊಂಡು ಬಾವಿಯ ಹತ್ತಿರ ನಿಂತೆ. ಹೊದೆಯುವ ವಸ್ತು ತಲೆಯ ಮೇಲೆ, ಮೈಮೇಲೆ ನೂಲಿನ ಸೀರೆ ಒಂದೇ. ಹೊರಟೆ. ಬಾಗಿಲುಗಳಲ್ಲಿ ಹೆಂಗಸರು ಎದ್ದರು, ತಲೆಯ ಮೇಲಿನ ಹೊರೆ ನೋಡಿ ಕೂತರು. ನನಗೆ ನಗು ಬಂತು. ನಗು ಹತ್ತನೆಯ ಮನೆಯ ತನಕ ಮಾತ್ರ. ಆಮೇಲೆ ಮೊಳಕಾಲು ಚುಚ್ಚತೊಡಗಿದವು, ಉಸಿರು ಗಂಟಲಲ್ಲೇ ಸಿಕ್ಕಿಕೊಂಡಿತು, ಕಿವಿಗಳು ನನ್ನವಲ್ಲ ಎನ್ನುವಂತಾದವು. ನಿಂತರೆ ಚಳಿ ಬೆನ್ನಿಗೆ ಕಚ್ಚುತ್ತದೆ, ನಡೆದರೆ ಕಾಲು ಬೈಯುತ್ತವೆ. ಬೇವಿನಮರ ಮುಟ್ಟುವಷ್ಟರಲ್ಲಿ ಮಾತ್ರ ಒಂದು ಅಚ್ಚರಿ ಆಯಿತು. ಕುತ್ತಿಗೆಯ ಹಿಂದೆ, ಹೆಗಲುಗಳ ನಡುವೆ, ಒಳಗಿನಿಂದಲೇ ಬೆಚ್ಚಗಾಗತೊಡಗಿತು. ಹೊರಗೆ ಆ ಪರಿ ಚಳಿ, ನನ್ನ ಹಣೆಯ ಮೇಲೆ ಬೆವರು. ಜೀವಮಾನದಲ್ಲಿ ಮೊದಲ ಸಲ ನನ್ನ ಮೈ ನನಗಾಗಿ ದುಡಿಯುತ್ತಿದೆ ಅನ್ನಿಸಿತು.

ಹೀಗೆ ದಿನವೂ ನಡೆದೆ. ಮೊದಲು ಒಂದು ಸಲ ಏರಿ ಇಳಿದರೆ ಸಾಕುಸಾಕಾಗುತ್ತಿತ್ತು, ಬರಬರುತ್ತ ಇಳಿದವಳು ನಿಲ್ಲದೆ ಮತ್ತೆ ಏರುವ ಹಾಗಾದೆ. ಮನೆಯಲ್ಲಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಹಸಿ ಸವತೆಕಾಯಿ, ಮಜ್ಜಿಗೆ. ಚೂಡಾದ ಡಬ್ಬಿಯಲ್ಲಿ ದಾರದ ಉಂಡೆಗಳನ್ನು ತುಂಬಿದೆ. ಮೊದಲು ಕೌದಿಯನ್ನು ನನ್ನತ್ತ ಎಳೆದುಕೊಳ್ಳುತ್ತಿದ್ದವಳು ಈಗ ನಾನೇ ಕೌದಿಯ ಸುತ್ತ ಸರಿಯುತ್ತ ಹೊಲಿಯತೊಡಗಿದೆ. ಚಳಿಯಿಂದ ಬಂದ ಮೇಲೆ ಹಸಿವು ಹುಚ್ಚೆದ್ದು ಕುಣಿಯುತ್ತಿತ್ತು, ನಿಜ ಹೇಳಬೇಕೆಂದರೆ ಕಾಲುನೋವಿಗಿಂತ ಅದೇ ಕಷ್ಟ. ಆಗೆಲ್ಲ ಶಾವಂತ್ರಿಯ ಹಳದಿ ಕಣ್ಣು ನೆನಪಿಸಿಕೊಂಡು ಒಂದು ಚೊಂಬು ನೀರು ಕುಡಿದು ಸೂಜಿ ಹಿಡಿಯುತ್ತಿದ್ದೆ. ನಮ್ಮ ಮನೆಯವರು ಒಂದು ದಿನ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ನಿನ್ನ ಬಳೆ ಕೈಯಾಗಿಂದ ಉದರಾಕತ್ತಾವಲ್ಲ” ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಹೂಗಾರ ಓಣಿಯ ನಡುಮಧ್ಯದಲ್ಲಿ ಬಸಲಿಂಗವ್ವನ ಮನೆ. ಎಂಬತ್ತರ ಹತ್ತಿರದ ಮುದುಕಿ, ಓಣಿಯ ನ್ಯಾಯವೆಲ್ಲ ಅವಳ ಕಟ್ಟೆಯ ಮೇಲೇ ಮುಗಿಯುವುದು. ಅವಳ ಅಂಟಿನುಂಡಿ ತಿನ್ನಲೆಂದೇ ಚಳಿ ಬರುತ್ತದೆ ಎಂದು ಜನ ತಮಾಷೆ ಮಾಡುತ್ತಾರೆ. ಒಂದು ಬೆಳಿಗ್ಗೆ ಈ ಬಸಲಿಂಗವ್ವ ಕಟ್ಟೆ ಇಳಿದು ಬಂದು ಓಣಿಯ ನಡುವೆ ಕೋಲೂರಿ ನನ್ನ ಎದುರಿಗೆ ನಿಂತಳು. ಹೊರೆ ಹೊತ್ತವರನ್ನು ಯಾರಾದರೂ ತಡೆದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

“ನಿಲ್ಲು,” ಎಂದಳು. “ಈ ಕೌದಿ ಮೂಲ್ಯಾಗಿನ ಕೆಂಪ ತುಂಡನ್ನ ನಾ ವಾರದಿಂದ ನೋಡಾಕತ್ತೀನಿ. ಮ್ಯಾಲೆ ಹೋಗತೈತಿ, ಕೆಳಗ ಬರತೈತಿ, ಮತ್ತ ಮ್ಯಾಲೆ ಹೋಗತೈತಿ. ಯಾರ ಮನಿಗೂ ಇಳಿವಲ್ದು. ಏನ ನಡಿಸೀದಿ ನೀ? ನಮ್ಮನಿ ಊಟ ಅಷ್ಟು ಕಹಿ ಆತೇನು ನಿನಗ?”

ಸುತ್ತ ಹೆಂಗಸರು ಸೇರಿದರು. ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ನಿಂತೆ. ತಂಗಿಗೆ ಕೊಟ್ಟ ಆಣೆ ಒಂದು ಕಡೆ, ಎದುರಿಗೆ ಓಣಿಗೆ ಓಣಿಯೇ ಮುನಿಸಿಕೊಂಡು ನಿಂತದ್ದು ಇನ್ನೊಂದು ಕಡೆ. ಇಂದು ಸುಳ್ಳು ಹೇಳಿದರೆ ನಾಳೆ ನಡೆಯುವುದೇ ನಿಲ್ಲುತ್ತದೆ. ಆಣೆ ಮುರಿದೆ. ಶಾವಂತ್ರಿಯ ಕಾಯಿಲೆ, ನನ್ನ ಲಿವರಿನ ಕೊಬ್ಬು, ಡಾಕ್ಟರ್ ಹೇಳಿದ ಗಡುವು, ಎಲ್ಲವನ್ನೂ ಹೊರೆ ಇಳಿಸದೆ ನಿಂತಲ್ಲೇ ಹೇಳಿದೆ. ಹೇಳುತ್ತ ಹೇಳುತ್ತ ಅಳು ಬಂತು, ಕೈ ಎರಡೂ ಹೊರೆಯ ಮೇಲಿದ್ದುದರಿಂದ ಒರೆಸಿಕೊಳ್ಳಲೂ ಆಗಲಿಲ್ಲ.

ಬಸಲಿಂಗವ್ವ ತನ್ನ ಸೆರಗಿನಿಂದ ನನ್ನ ಕಣ್ಣೊರೆಸಿದಳು. ಆಮೇಲೆ, “ಅಯ್ಯ ನಮ್ಮವ್ವಾ, ಇದೇನ ಆತು! ನಿನ್ನ ತಂಗಿನ ಅಲ್ಲೇನ ಆ ಮಲ್ಲೇಶಪ್ಪನ್ನ ಓಣಿ ತುಂಬ ಅಡ್ಡಾಡಿಸಿ ಹೇಳಿ ಕಳಿಸಿದಾಕಿ? ‘ನಮ್ಮಕ್ಕ ಯಾಕೋ ಸೊರಗಾಕತ್ತಾಳ, ಚಳಿಗೆ ಬಂದಾಗ ಬಿಡಬ್ಯಾಡ್ರಿ, ಕೈ ಹಿಡಿದು ಚೊಲೋತ್ನಾಗಿ ಉಣ್ಣಿಸ್ರಿ’ ಅಂತ. ಕುಂಬಾರ ಓಣ್ಯಾಗೂ ಹೇಳಿಸಿದ್ಲಂತ” ಎಂದಳು.

ಬಸ್ಸಿನಲ್ಲಿ ಅಷ್ಟು ಸಲೀಸಾಗಿ ಅಂದ ಹೂಂ, ಯಾರಿಗೂ ಹೇಳಬೇಡ ಎಂಬ ಆಣೆ, ಆ ಕರದಂಟಿನ ತಟ್ಟೆ, ಎಲ್ಲ ಒಂದೇ ದಾರದಲ್ಲಿ ಕೂಡಿಕೊಂಡವು. ಬೇಡ ಎಂದರೆ ನಾನು ಕೇಳುವವಳಲ್ಲ ಎಂದು ಅವಳಿಗೆ ಗೊತ್ತು. ಹಾಗಾಗಿ ಹೂಂ ಎಂದು, ನನ್ನ ಬಾಯಿಚಪಲವನ್ನು ಕಾವಲಿಗೆ ಇಟ್ಟಿದ್ದಳು. ನಾನು ಸಣ್ಣಗಾಗದಿದ್ದರೆ ನನ್ನ ಹೊಟ್ಟೆ ಕೊಯ್ಯುವ ಮಾತೇ ಇಲ್ಲ. ತಾನು ಸತ್ತರೂ ಚಿಂತೆಯಿಲ್ಲ, ಅಕ್ಕನ ಮೈಗೆ ಕತ್ತರಿ ತಾಗಬಾರದು. ಎಂಥ ಪಾಪಿ ಹುಡುಗಿ! ಸಿಟ್ಟಿಗೆ ನನ್ನ ಮೈ ಉರಿಯಿತು, ಪ್ರೀತಿಗೆ ಎದೆ ಒಡೆಯಿತು, ಎರಡೂ ಒಟ್ಟಿಗೇ.

ಬಸಲಿಂಗವ್ವ ಕೋಲೂರುತ್ತ ಮನೆಯೊಳಗೆ ಹೋದಳು. ಹೊರಗೆ ಬಂದಾಗ ಅವಳ ಕೈಯಲ್ಲಿ ತಟ್ಟೆ ಇರಲಿಲ್ಲ. ಹಳೆಯ ದಪ್ಪನೆ ಕೌದಿಯೊಂದನ್ನು ಸೊಸೆಯಿಂದ ಎತ್ತಿಸಿ ನನ್ನ ಹೊರೆಯ ಮೇಲೆ ಇಡಿಸಿದಳು. “ಇದನ್ನೂ ಹೊರು. ಎರಡ ಕೌದಿ ಏನ ಸಾಲತಾವು ನಿನಗ? ಮುಂಜಾನಿ ಹೊರೋ ಹೊತ್ತಿಗೆ ನಾ ಕಟ್ಟಿ ಮ್ಯಾಲೆ ಕುಂತಿರತೀನಿ. ಒಂದ ದಿನ ತಪ್ಪಿಸು, ನೋಡತೀನಿ.”

“ನಾ ಉಣ್ಣದಿದ್ರ ಚಳಿ ಇಲ್ಲೇ ಕುಂದರತೈತಿ ಅಂತಾರಲ್ಲವ್ವಾ?” ಎಂದೆ.

“ಕುಂದರಲಿ. ನಂಗೇನ ಹೊಸಾದೇನು ಅದು?” ಎಂದಳು. ಬಾಣಂತಿಯ ಮನೆಯ ಆ ಹುಡುಗಿ ಸ್ವಲ್ಪ ಅಳುಕುತ್ತಲೇ ಮುಂದೆ ಬಂದು, ಒಂದು ಕೂಸಿನ ಕೌದಿಯನ್ನು ತಂದು ಎಲ್ಲದರ ಮೇಲೆ ಇಟ್ಟಳು.

ಅಲ್ಲಿಂದ ಓಣಿಯ ಆದರವೇ ಬೇರೆಯಾಯಿತು. ಒಬ್ಬಳು ಬಾವಿಯ ಹತ್ತಿರ ಸಿಂಬಿ ಸರಿಮಾಡಿ ಕೊಡುವಳು, ಒಬ್ಬಳು ಬೇವಿನಮರದ ಹತ್ತಿರ ಬಿಸಿನೀರು ಹಿಡಿದು ನಿಲ್ಲುವಳು. ನಾನು ಮೆತ್ತಗಾದರೆ ಬಸಲಿಂಗವ್ವ ಕಟ್ಟೆಯಿಂದಲೇ, “ಏ ನಿಂಬಿ, ಹೆಜ್ಜಿ ಎತ್ತಿ ಹಾಕು!” ಎಂದು ಗದರುವಳು. ತಾವೂ ಸ್ವಲ್ಪ ದಪ್ಪಗಿದ್ದ ಇಬ್ಬರು ಹೆಂಗಸರು ಹೊರೆ ಹೊತ್ತು ಜತೆಗೂಡಿದರು. ಅಮಾವಾಸ್ಯೆ ಬಂತು. ಅಂದು ಎಲ್ಲರ ಎದೆಯೂ ಡವಡವ. ಚಳಿ ಯಾರ ಉಂಡಿಗೂ ಕಾಯದೆ, ಎಂದಿನ ಹಾಗೆ ಎದ್ದು ಪಕ್ಕದ ಓಣಿಗೆ ಹೋಯಿತು. ಬಸಲಿಂಗವ್ವನಿಗೆ ಮಾತ್ರ ಇದು ಸ್ವಲ್ಪ ಬೇಸರ ತಂದಂತೆ ಕಂಡಿತು, ಇಷ್ಟು ವರ್ಷ ಸುರಿದ ತುಪ್ಪದ ನೆನಪಾಗಿರಬೇಕು. ನಾನು ಚಳಿಯ ಬೆನ್ನು ಹತ್ತಿ ಹೊಸ ಓಣಿಯಲ್ಲಿ ನಡೆದೆ. ಅಲ್ಲಿಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು, ತಟ್ಟೆ ಹಿಡಿದು ಯಾರೂ ಬರಲಿಲ್ಲ.

ಶಾವಂತ್ರಿಗೆ ಏನೂ ತಿಳಿಯಗೊಡಲಿಲ್ಲ. ಅವಳ ಮನೆಗೆ ಹೋಗುವಾಗ ಎರಡು ಸೀರೆ ಒಂದರ ಮೇಲೊಂದು ಉಟ್ಟು, ಸೆರಗು ಹರವಿ ಹೊದ್ದು ಹೋಗುತ್ತಿದ್ದೆ. ಬಾಗಿಲಲ್ಲಿ ಸಿಕ್ಕ ಮಲ್ಲೇಶಪ್ಪನಿಗೆ ಒಂದೇ ಮಾತು ಹೇಳಿದೆ, “ನಿನ್ನ ಹೆಂಡತಿ ಬದುಕಬೇಕಂದ್ರ ಬಾಯಿ ಮುಚ್ಚಿಕೊಂಡಿರು.” ಪಾಪ, ಅವನು ಎರಡು ಕಡೆಯ ಆಜ್ಞೆಗೂ ತಲೆಯಾಡಿಸಿ ಸುಸ್ತಾಗಿದ್ದ. “ಇನ್ನೂ ಇಳಿವಲ್ದು ತಂಗಿ” ಎಂದು ನಾನು ನಿಟ್ಟುಸಿರು ಬಿಟ್ಟರೆ ಅವಳ ಮುಖ ಹಗುರಾಗುತ್ತಿತ್ತು. ಸಾವು ಹತ್ತಿರ ಬಂತು ಎಂದು ಕೇಳಿ ನೆಮ್ಮದಿಪಡುವ ಮುಖವನ್ನು ನೋಡುತ್ತ ಕೂಡುವುದು ಸಾಮಾನ್ಯದ ಕೆಲಸವಲ್ಲ. ಆ ಏರು, ಆ ಚಳಿ, ಆ ಹಸಿವು ಎಲ್ಲ ಇದರ ಮುಂದೆ ಏನೇನೂ ಅಲ್ಲ.

ಕೊನೆಯ ಸ್ಕ್ಯಾನಿನ ದಿನ ಡಾಕ್ಟರ್ ವಸುಂಧರಾ ಪರದೆಯನ್ನು ತಿರುಗಿಸಿ ನನಗೇ ತೋರಿಸಿದರು. ನನಗೆ ಅದರಲ್ಲಿ ಏನೂ ತಿಳಿಯಲಿಲ್ಲ, ಅವರ ಮುಖದಲ್ಲಿ ಎಲ್ಲ ತಿಳಿಯಿತು. “ನೀವಿನ್ನೂ ದಪ್ಪಗೇ ಇದೀರಿ ನಿಂಬೆವ್ವ, ಅದು ಹೋಗೋಕೆ ಇನ್ನೂ ಕಾಲ ಬೇಕು. ಆದ್ರೆ ಒಳಗೆ ಕೊಬ್ಬು ಕರಗಿದೆ, ಸಕ್ಕರೆ ಅಂಚು ಬಿಟ್ಟು ಹಿಂದೆ ಸರಿದಿದೆ. ಶಹರದವರು ತಗೋತಾರೆ. ಶುಕ್ರವಾರವೇ ಬನ್ನಿ ಅಂದಿದಾರೆ.” ನಾನು ಅವರ ಎರಡೂ ಕೈ ಹಿಡಿದುಕೊಂಡೆ. “ಚಳಿ ಮಾಡಿದ್ದೋ, ನಡೆದದ್ದು ಮಾಡಿದ್ದೋ, ಬಾಯಿ ಕಟ್ಟಿದ್ದು ಮಾಡಿದ್ದೋ?” ಎಂದು ಕೇಳಿದೆ. “ಒಂದೊಂದೇ ಬಿಡಿಸಿ ಹೇಳೋಕಾಗಲ್ಲ. ಬಿಟ್ಟುಬಿಡಬೇಡಿ ಅಷ್ಟೇ” ಎಂದು ನಕ್ಕರು.

ಒಂದೇ ಸೀರೆ ಉಟ್ಟು ಗಾಣಿಗರ ಓಣಿಗೆ ಹೋದೆ. ಮಧ್ಯಾಹ್ನದ ಬಿಸಿಲು ಪಡಸಾಲೆಯ ತನಕ ಬಂದಿತ್ತು. ಶಾವಂತ್ರಿ ಹೊರಸಿನ ಮೇಲೆ ಮಲಗಿದ್ದಳು. ನನ್ನನ್ನು ಕಂಡವಳೇ ಮೊಳಕೈ ಊರಿ ಏಳಲು ನೋಡಿದಳು. ಎರಡು ಸೀರೆಯ ವೇಷವಿಲ್ಲದ ನನ್ನನ್ನು ಅವಳು ಬಹಳ ದಿನಗಳಿಂದ ನೋಡಿರಲಿಲ್ಲ. ಅವಳ ಕಣ್ಣು ನನ್ನ ಕುತ್ತಿಗೆ, ತೋಳು, ಸೊಂಟದ ಮೇಲೆ ಹರಿದಾಡಿ, ಮತ್ತೆ ಮುಖಕ್ಕೆ ಬಂದು ನಿಂತವು.

“ಶುಕ್ರವಾರ ಹೊಂಟೀವಿ,” ಎಂದೆ.

“ನೀ ನಂಗ ಮೋಸ ಮಾಡಿದಿ,” ಎಂದಳು.

“ನೀ ಮಾಡಿದ್ದೇನು? ಓಣಿ ಓಣಿಗೆ ಹೇಳಿ ಕಳಿಸಿ ನನ್ನ ಬಾಯಿಗೆ ಉಂಡಿ ತುರುಕಿಸೀದಿ. ಹೂಂ ಅಂತ ಮಾತು ಬ್ಯಾರೆ ಕೊಟ್ಟೀದಿ.”

“ಮತ್ತೇನ ಮಾಡಲಿ? ಬ್ಯಾಡ ಅಂದ್ರ ನೀ ಕೇಳಾಕಿ ಅಲ್ಲ. ಹುಟ್ಟಿದಾಗಿಂದ ತಟ್ಟಿ ಮುಂದಿಟ್ರ, ಆ ಕರದಂಟು ಒಂದ ಬಿಟ್ರ, ಬ್ಯಾಡ ಅಂದಿದ್ದು ನಾ ನೋಡಿಲ್ಲ. ಅದರ ಮ್ಯಾಲೆ ಭರೋಸಾ ಇಟ್ಟೆ.” ಅಷ್ಟು ಹೇಳಿ ಅವಳು ಮುಖ ಮುಚ್ಚಿಕೊಂಡು ಅತ್ತಳು. “ನಿಂಗೇನರ ಆದ್ರ? ಆಮ್ಯಾಲೆ ಎದ್ದು ನಾ ಯಾರ ಮುಖ ನೋಡಲಿ?”

ನಾನು ಹೊರಸಿನ ಅಂಚಿಗೆ ಕೂತೆ. ಹೊರಸು ಅಷ್ಟೇನೂ ಕಿರುಗುಟ್ಟಲಿಲ್ಲ. “ನನಗ ಏನೂ ಆಗಂಗಿಲ್ಲ,” ಎಂದೆ. “ಈ ಮೈ ಏನಂತ ನಂಗೀಗ ಗೊತ್ತೈತಿ. ಚಳಿಯಾಗ ಬೆವರಿಸೀನಿ ನಾ ಇದನ್ನ. ಆದ್ರ ನೀ ಹೋಗಿಬಿಟ್ರ ಮಾತ್ರ ನಂಗ ಆಗತೈತಿ. ಅದನ್ನ ತಡಕೊಳ್ಳೋ ಶಕ್ತಿ ನನ್ನ ಹತ್ರ ಇಲ್ಲ ಶಾವಂತ್ರಿ, ಎಷ್ಟ ನಡದ್ರೂ ಬರಂಗಿಲ್ಲ.” ಇಷ್ಟು ದಿನ ಯಾರ ಮುಂದೆಯೂ ಹೇಳದ ಮಾತು ಅದು. ಅದನ್ನು ಕೇಳಿ ಅವಳ ಅಳು ನಿಂತಿತು.

“ಎಷ್ಟ ತಗೀತಾರಂತ?” ಎಂದು ಕಣ್ಣೊರೆಸಿಕೊಳ್ಳುತ್ತ ಕೇಳಿದಳು.

“ಅರ್ಧಕ್ಕಿಂತ ಜಾಸ್ತಿ. ಉಳಿದದ್ದು ಮತ್ತ ಬೆಳಿತೈತಂತ. ನಿನ್ನ ಹತ್ರ ಬಂದದ್ದೂ ಬೆಳಿತೈತಂತ.”

ಅವಳು ಕೈ ಚಾಚಿ ನನ್ನ ಹೊಟ್ಟೆಯ ಮೇಲಿಟ್ಟಳು. ಎಲುಬು ಮಾತ್ರ ಉಳಿದ, ಜ್ವರವಿಲ್ಲದೆಯೂ ಬಿಸಿಯಾದ ಕೈ. “ಇಲ್ಲೇನು?” ಎಂದಳು.

“ಇನ್ನಷ್ಟು ಮ್ಯಾಲೆ. ಬಲಕ್ಕ.”

ಕೈಯನ್ನು ಪಕ್ಕೆಲುಬಿನ ಕೆಳಗೆ ಸರಿಸಿ ಅಲ್ಲೇ ಇಟ್ಟುಕೊಂಡಳು. ನಾನು ಉಸಿರಾಡಿದಂತೆ ಅವಳ ಕೈ ಏರುತ್ತಿತ್ತು, ಇಳಿಯುತ್ತಿತ್ತು. ಆಮೇಲೆ, ಬಸ್ಸಿನಲ್ಲಿ ಅಂದ ಹಾಗೆ ತಟ್ಟನೆ ಅಲ್ಲ, ನನ್ನ ಮುಖ ನೋಡುತ್ತ, ಹೆದರುತ್ತ, ಕಷ್ಟಪಟ್ಟು ಅಂದಳು.

“ಹೂಂ.”